ಪೂರಿ, ಜೋಕಾಲಿ ಮತ್ತು ಮಂಗಳಯಾನ



ಬಾಹ್ಯಾಕಾಶವನ್ನು ಕುರಿತ ಚಿತ್ರ ತಯಾರಿಸುವವರಿಗೆ ಎರಡು ಕಡೆಯ ಸೆಳೆತ. ಎಲ್ಲವನ್ನೂ ವಿವರಿಸಹೊರಟರೆ ಚಿತ್ರ ಪಾಠವಾಗುತ್ತದೆ. ಬೆರಗನ್ನಷ್ಟೇ ತೋರಿಸಿದರೆ ವಿಜ್ಞಾನವು ಪವಾಡದಂತೆ ಕಾಣುತ್ತದೆ. ಹಾಗಾದರೆ ಹದ ಯಾವುದು?

ಮಂಗಳಯಾನದ ಕಥೆಯನ್ನು ಆಧರಿಸಿ 2019ರಲ್ಲಿ ತೆರೆಕಂಡ ‘ಮಿಷನ್ ಮಂಗಲ್’ ಹಿಂದಿ ಚಿತ್ರವನ್ನೇ ನೋಡೋಣ. ಗ್ಯಾಸ್ ಆರಿಸಿದ ಮೇಲೂ ಕಾದ ಎಣ್ಣೆಯಲ್ಲಿ ಪೂರಿ ಕರಿಯಬಹುದಲ್ಲವೆ? ಇಂಧನ ಉಳಿಸುವ ಉಪಾಯವನ್ನು ಚಿತ್ರ ಹೀಗೆ ತಿಳಿಸುತ್ತದೆ. ಹೋಲಿಕೆ ಸೊಗಸಾಗಿದೆ, ಮನೆಮಂದಿಗೆಲ್ಲ ಅರ್ಥವಾಗುತ್ತದೆ. ಆದರೆ ಬಾಣಲೆಯ ಎಣ್ಣೆ ಬೇಗನೆ ಆರುತ್ತದೆ. ಬಾಹ್ಯಾಕಾಶದಲ್ಲಿ ಗಾಳಿಯ ತಡೆ ಇಲ್ಲವೆನ್ನುವಷ್ಟು ಕಡಿಮೆ. ಎಂಜಿನ್ ನಿಂತರೂ ನೌಕೆಯು ಜಡತ್ವದಿಂದ ಸಾಗುತ್ತಲೇ ಇರುತ್ತದೆ. ನಿಜವಾದ ಅಚ್ಚರಿ ಇರುವುದು ಹೋಲಿಕೆ ಮುಗಿಯುವ ಈ ಜಾಗದಲ್ಲಿ. ಚಿತ್ರ ಅಲ್ಲಿಯವರೆಗೂ ನಮ್ಮನ್ನು ಕರೆದೊಯ್ಯಬೇಕು.

ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಮಕ್ಕಳಿಗೆ ಪಂಚಮಿಯ ಜೋಕಾಲಿ ಇನ್ನೂ ಹತ್ತಿರದ ಹೋಲಿಕೆಯಾದೀತು. ಜೋಕಾಲಿ ಕೆಳಗೆ ಬಂದು ಅತಿ ವೇಗದಲ್ಲಿರುವಾಗ ಮುಂದಕ್ಕೆ ನೂಕಿದರೆ ಅದು ಮತ್ತಷ್ಟು ಮೇಲೇರುತ್ತದೆ. 2013ರ ನವೆಂಬರ್ 5ರಂದು ಉಡಾವಣೆಯಾದ ಮಂಗಳನೌಕೆಗೂ ಹೀಗೆಯೇ ಮಾಡಲಾಯಿತು. ಅದು ಭೂಮಿಯ ಸಮೀಪಕ್ಕೆ ಬಂದು ವೇಗ ಹೆಚ್ಚಿದ್ದಾಗ ಎಂಜಿನ್ ಉರಿಸಿದರು. ಅಷ್ಟೇ ಇಂಧನದಿಂದ ಆಗ ನೌಕೆಗೆ ಹೆಚ್ಚು ಶಕ್ತಿ ಸಿಗುತ್ತದೆ. ನವೆಂಬರ್ 16ರ ಹೊತ್ತಿಗೆ ಕಕ್ಷೆಯ ದೂರದ ತುದಿ ಸುಮಾರು 23,500 ಕಿ.ಮೀ.ನಿಂದ 1,92,000 ಕಿ.ಮೀ. ಆಚೆಗೆ ಹೋಗಿತ್ತು. ಡಿಸೆಂಬರ್ 1ರಂದು ಸುಮಾರು 22 ನಿಮಿಷ ಎಂಜಿನ್ ಉರಿದು, ನೌಕೆ ಭೂಮಿಯ ಹಿಡಿತದಿಂದ ಬಿಡಿಸಿಕೊಂಡು ಮಂಗಳನತ್ತ ಹೊರಟಿತು.

2014ರ ಸೆಪ್ಟೆಂಬರ್ 24. ಸುಮಾರು 300 ದಿನ ಹೆಚ್ಚುಕಡಿಮೆ ಸುಮ್ಮನಿದ್ದ ಆ ಎಂಜಿನ್ ಮತ್ತೆ ಉರಿಯಬೇಕಿತ್ತು. ನೌಕೆಯ ಸಂಕೇತ ಬೆಂಗಳೂರಿಗೆ ಬರಲು ಸುಮಾರು 12 ನಿಮಿಷ ಬೇಕು. ಸಾಲದ್ದಕ್ಕೆ ನೌಕೆ ಮಂಗಳನ ಮರೆಗೆ ಸರಿದಿತ್ತು. ಮೊದಲೇ ಕಳುಹಿಸಿಟ್ಟ ಆದೇಶಗಳನ್ನು ನಂಬಿ ಎಲ್ಲರೂ ಕಾಯಬೇಕಾಯಿತು.

ಇಂಥ ಘಳಿಗೆಯಲ್ಲಿ ಚಿತ್ರ ಮೌನವಾಗಿರಬೇಕು. ಆದರೆ 12 ನಿಮಿಷವೇಕೆ ಎಂಬುದನ್ನು ಮೊದಲೇ ತಿಳಿಸಿರಬೇಕು. ತಿಳಿಯದವರಿಗೆ ಅದು ಬರಿಯ ಕಾಯುವಿಕೆ. ತಿಳಿದವರಿಗೆ, ಬೆಳಕಿನ ವೇಗದಲ್ಲಿ ಬಂದರೂ ಅಷ್ಟು ಹೊತ್ತು ಹಿಡಿಯುವ 20 ಕೋಟಿ ಕಿ.ಮೀ.ಗೂ ಮಿಗಿಲಾದ ದೂರ. ವಿವರಣೆ ಬೆರಗನ್ನು ಕೊಲ್ಲುವುದಿಲ್ಲ. ತಕ್ಕ ಹೊತ್ತಿಗೆ ಬಂದರೆ ಅದನ್ನು ಹೆಚ್ಚಿಸುತ್ತದೆ.

ಈಗ ನಿಮಗೊಂದು ಪ್ರಶ್ನೆ: ಜೋಕಾಲಿಗೆ ಹಗ್ಗವುಂಟು. ನೌಕೆಗೆ ಹಗ್ಗ ಯಾವುದು? ನಮ್ಮ ಹೋಲಿಕೆಯೂ ಎಲ್ಲಿ ಸೋಲುತ್ತದೆಂದು ತರಗತಿಯಲ್ಲಿ ಚರ್ಚಿಸಿ ನೋಡಿ.