ಹಾಯಿದೋಣಿಯ ಬೆಳಕಿನ ಲೆಕ್ಕ

ದಡದ ವಿದ್ಯುತ್ತಂತಿಯನ್ನು ಕಳಚಿಕೊಂಡು ಕಡಲಿಗಿಳಿದ ಹಾಯಿದೋಣಿಗೆ ಗತಿಯನ್ನು ಗಾಳಿಯು ಕೊಡುತ್ತದೆ. ದೀಪ, ರೇಡಿಯೋ, ಶೀತಪೆಟ್ಟಿಗೆಗಳಿಗೆ ಬೇಕಾದ ವಿದ್ಯುತ್ತನ್ನು ಮಾತ್ರ ಬಿಸಿಲಿನಿಂದ ಗಳಿಸಬೇಕು. ಇಲ್ಲಿಯೂ ನಡೆಯುವುದು ಜಮಾ-ಖರ್ಚಿನ ನಿಯಮವೇ.

400 ವ್ಯಾಟಿನ ಫಲಕಗಳು ನಾಲ್ಕು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕಿನಲ್ಲಿ, ನಷ್ಟವನ್ನು ಕಳೆದು, ಸುಮಾರು 1,200 ವ್ಯಾಟ್-ಗಂಟೆಗಳನ್ನು ತಂದುಕೊಟ್ಟಾವು. ಫಲಕದ ಕೋಶಗಳು ಸರಪಳಿಯಂತೆ ಜೋಡಿಸಲ್ಪಟ್ಟಿರುವುದರಿಂದ, ಕೂವೆಮರದ ನೆರಳು ಒಂದು ಅಂಚಿಗೆ ಬಿದ್ದರೂ ಈ ಗಳಿಕೆ ಬಹಳವಾಗಿ ಕುಗ್ಗುತ್ತದೆ.

ಗಳಿಸಿದುದನ್ನು ಕೂಡಿಡಲು ಇಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯುಂಟು. ಅದರ ಮೂಲದ್ರವ್ಯವನ್ನು ಕುರಿತು ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು 1997ರಲ್ಲಿ ಪ್ರಬಂಧ ಪ್ರಕಟಿಸಿದರು. ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸುವುದು ಕ್ಷೇಮ. ಇದರಲ್ಲಿ ಶೇಕಡಾ 80ನ್ನು ಬಳಸಬಹುದು. 12.8 ವೋಲ್ಟಿನ, 200 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಹೀಗೆ ಸುಮಾರು 2,050 ವ್ಯಾಟ್-ಗಂಟೆ ದೊರೆಯುತ್ತದೆ. ದಿನದ ಖರ್ಚು 900 ಆದರೆ, ಮೋಡ ಕವಿದ ಎರಡು ದಿನಗಳನ್ನು ದಾಟಬಹುದು. ಮೂರನೆಯ ದಿನ ದಿವಾಳಿ.

ಇನ್ನೊಂದು ಅಪಾಯವುಂಟು. ಬ್ಯಾಟರಿಯೊಳಗಿನ ರಕ್ಷಣಾ ವ್ಯವಸ್ಥೆಯು ಹಠಾತ್ತನೆ ಸಂಪರ್ಕವನ್ನು ಕಡಿದರೆ ಇಂಜಿನ್ನಿನ ಆಲ್ಟರ್ನೇಟರು ಕೆಡಬಹುದು; ನಡುರಾತ್ರಿ ಸಂಚಾರದೀಪಗಳೂ ಆರಬಹುದು. ಕತ್ತಲೆಯ ದೋಣಿಯನ್ನು ಹಡಗು ಕಾಣದು. ಆದುದರಿಂದ ಇಂಜಿನ್ನಿಗೂ ದೀಪಗಳಿಗೂ ಸೀಸದ ಸಣ್ಣ ಬ್ಯಾಟರಿಯೊಂದನ್ನು ಪ್ರತ್ಯೇಕವಾಗಿಡುವುದು ವಿವೇಕ. ಮೀಸಲು ನಿಧಿಯ ಬೆಲೆ ತಿಳಿಯುವುದು ಆಪತ್ತಿನ ದಿನವೇ.