ಗ್ಯಾಸ್ಟ್ರುಲ: ಒಂದು ಪಾರಿಭಾಷಿಕ ಶಬ್ದದ ಚರಿತ್ರೆ

ರಾಜವಂಶಗಳಿಗೆ ಇರುವಂತೆ ಶಾಸ್ತ್ರದ ಶಬ್ದಗಳಿಗೂ ಚರಿತ್ರೆಯುಂಟು. ಭ್ರೂಣಶಾಸ್ತ್ರದ ‘ಗ್ಯಾಸ್ಟ್ರುಲ’ ಎಂಬ ಶಬ್ದವನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಫಲಿತವಾದ ಅಂಡವು ಒಂದು ಎರಡಾಗಿ, ಎರಡು ನಾಲ್ಕಾಗಿ ವಿಭಜನೆ ಹೊಂದುತ್ತ, ಅನೇಕ ಪ್ರಾಣಿಗಳಲ್ಲಿ ಟೊಳ್ಳು ಚೆಂಡಿನಂತಹ ಜೀವಕೋಶಗಳ ಸಮೂಹವಾಗುತ್ತದೆ. ಇದೇ ಬ್ಲಾಸ್ಟುಲ. ಗಾಳಿ ಕಡಮೆಯಾದ ಚೆಂಡನ್ನು ಬೆರಳಿನಿಂದ ಒತ್ತಿದರೆ ಅದು ಎರಡು ಪದರಗಳ ಬಟ್ಟಲಿನಂತಾಗುವುದಷ್ಟೆ. ಆಂಫಿಯಾಕ್ಸಸ್ ಎಂಬ ಕಡಲಜೀವಿಯ ಭ್ರೂಣದಲ್ಲಿ ನಡೆಯುವುದು ಹೆಚ್ಚುಕಡಮೆ ಹೀಗೆಯೇ. ಆದರೆ ಇಲ್ಲಿ ಒತ್ತುವವರಿಲ್ಲ, ಜೀವಕೋಶಗಳೇ ಒಳಸರಿಯುತ್ತವೆ. ಒಳಗಣ ಪೊಳ್ಳು ಮುಂದೆ ಜೀರ್ಣನಾಳಕ್ಕೆ ಮೂಲವಾಗುತ್ತದೆ. ಹೊರಪದರದಿಂದ ಚರ್ಮವೂ ನರಮಂಡಲವೂ, ಒಳಪದರದಿಂದ ಕರುಳಿನ ಒಳಹೊದಿಕೆಯೂ, ಇವೆರಡರ ನಡುವೆ ಮೂಡುವ ಪದರದಿಂದ ಸ್ನಾಯು, ರಕ್ತ ಮೊದಲಾದುವೂ ಉಂಟಾಗುತ್ತವೆ.

ಕೋಳಿಯ ಭ್ರೂಣದಲ್ಲಿ ಪದರಗಳಿರುವುದನ್ನು ಪಾಂಡರ್ 1817ರಲ್ಲಿಯೇ ವರ್ಣಿಸಿದ್ದನು. ಆಂಫಿಯಾಕ್ಸಸ್ಸಿನ ಬೆಳವಣಿಗೆಯನ್ನು ರಷ್ಯದ ಕೊವಲೆವ್‌ಸ್ಕಿ 1867ರಲ್ಲಿ ಪ್ರಕಟಿಸಿದನು. ‘ಗ್ಯಾಸ್ಟ್ರುಲ’ ಎಂಬ ಹೆಸರನ್ನು ಕೊಟ್ಟವನು ಜರ್ಮನಿಯ ಹೆಕೆಲ್, 1872ರಲ್ಲಿ. ಗ್ರೀಕಿನಲ್ಲಿ ‘ಗ್ಯಾಸ್ಟರ್’ ಎಂದರೆ ಹೊಟ್ಟೆ. ಆದುದರಿಂದ ಈ ಶಬ್ದಕ್ಕೆ ‘ಪುಟ್ಟ ಹೊಟ್ಟೆ’ ಎಂದರ್ಥ. ಹೆಕೆಲನು ಹೆಸರಿಟ್ಟು ಸುಮ್ಮನಾಗಲಿಲ್ಲ. ಬಹುಕೋಶಪ್ರಾಣಿಗಳೆಲ್ಲವೂ ‘ಗ್ಯಾಸ್ಟ್ರಿಯ’ ಎಂಬ ಇಂತಹುದೇ ಆದಿಜೀವಿಯಿಂದ ಹುಟ್ಟಿದುವೆಂದೂ, ಭ್ರೂಣವು ತನ್ನ ವಂಶದ ಚರಿತ್ರೆಯನ್ನು ಪುನರಭಿನಯಿಸುವುದೆಂದೂ ಪ್ರತಿಪಾದಿಸಿದನು.

ಈ ಎರಡನೆಯ ವಾದವನ್ನು ಹೆಕೆಲನು ಹೇಳಿದ ರೂಪದಲ್ಲಿ ಶಾಸ್ತ್ರಜ್ಞರು ಇಂದು ಒಪ್ಪುವುದಿಲ್ಲ. ಬಟ್ಟಲಿನ ಆಕಾರವೂ ಸಾರ್ವತ್ರಿಕವಲ್ಲ: ಕೋಳಿಯಲ್ಲಿಯೂ ಮನುಷ್ಯನಲ್ಲಿಯೂ ಚಪ್ಪಟೆಯಾದ ಭ್ರೂಣದ ಮೇಲೆ ಗೆರೆಯೊಂದು ಮೂಡಿ, ಅದರ ಮೂಲಕ ಜೀವಕೋಶಗಳು ಒಳಗಿಳಿಯುತ್ತವೆ. ಮನುಷ್ಯನಲ್ಲಿ ಇದು ಗರ್ಭಾಂಕುರದ ಮೂರನೆಯ ವಾರದ ಸಂಗತಿ.

ವಾದವು ಬಿದ್ದರೂ ಶಬ್ದವು ಉಳಿಯಿತು. ಅದು ಗುರುತಿಸಿದ ಘಟನೆ ನಿಜವಾದುದಾಗಿತ್ತು. 1924ರಲ್ಲಿ ಸ್ಪೇಮನ್ ಮತ್ತು ಹಿಲ್ಡೆ ಮಾಂಗೋಲ್ಡ್ ಪ್ರಕಟಿಸಿದ ಪ್ರಯೋಗವು ಇದೇ ಹಂತವನ್ನು ಕುರಿತದ್ದು. ನ್ಯೂಟ್ ಎಂಬ ಉಭಯವಾಸಿಯ ಗ್ಯಾಸ್ಟ್ರುಲದ ಬಾಯಂಚಿನ ಮೇಲುಭಾಗದಿಂದ ಚೂರೊಂದನ್ನು ತೆಗೆದು, ಬೇರೆ ಬಣ್ಣದ ಇನ್ನೊಂದು ಜಾತಿಯ ಭ್ರೂಣಕ್ಕೆ ಕಸಿಮಾಡಲಾಗಿ, ಅಲ್ಲಿ ಎರಡನೆಯ ದೇಹವೊಂದು ರೂಪುಗೊಳ್ಳತೊಡಗಿತು. ಅದರ ನರಮಂಡಲದ ಬಹುಭಾಗವು ಆಶ್ರಯವಿತ್ತ ಭ್ರೂಣದ ಜೀವಕೋಶಗಳಿಂದಲೇ ಆದುದಾಗಿತ್ತು. ಸ್ಪೇಮನ್ನನಿಗೆ 1935ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಮಾಂಗೋಲ್ಡ್ 1924ರಲ್ಲಿಯೇ ಅಪಘಾತದಿಂದ ತೀರಿಕೊಂಡಿದ್ದಳು.

ಶಾಸನದ ಪಾಠವನ್ನೂ ಅದರ ಮೇಲೆ ಕಟ್ಟಿದ ಊಹೆಯನ್ನೂ ನಾವು ಬೇರೆಬೇರೆಯಾಗಿ ಇಡುತ್ತೇವೆ. ‘ಗ್ಯಾಸ್ಟ್ರುಲ’ವನ್ನು ಬೋಧಿಸುವಾಗಲೂ ಕಂಡದ್ದಾವುದು, ಊಹಿಸಿದ್ದಾವುದು ಎಂಬುದನ್ನು ವಿದ್ಯಾರ್ಥಿಗೆ ಬಿಡಿಸಿ ತೋರಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.