ಆಲಿವ್ ಎಲೆಯ ಕಹಿ: ಮರದಿಂದ ರಕ್ತದವರೆಗೆ

ಮರದಿಂದ ಆಗಷ್ಟೇ ಕಿತ್ತ ಆಲಿವ್ ಕಾಯನ್ನು ಕಚ್ಚಿದವರು ಅದನ್ನು ನುಂಗುವುದಿಲ್ಲ, ಉಗುಳುತ್ತಾರೆ. ಅಷ್ಟು ಕಹಿ. ಬಾಟಲಿಯಲ್ಲಿ ಸಿಗುವ ಆಲಿವ್ ತಿನ್ನುವಂತಾಗಬೇಕಾದರೆ ವಾರಗಟ್ಟಲೆ ಉಪ್ಪುನೀರಿನಲ್ಲಿ ನೆನೆಯಬೇಕು, ಇಲ್ಲವೇ ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ಮಿಂದು ಹಲವು ನೀರು ಕಾಣಬೇಕು. ಹೀಗೆ ತೊಳೆದು ಚೆಲ್ಲುವ ಕಹಿಯ ಹೆಸರು ಒಲಿಯೂರೋಪೀನ್. ಫ್ರಾನ್ಸಿನಲ್ಲಿ ಬೂರ್ಕಲೊ ಮತ್ತು ವಿಂಟಿಲೆಸ್ಕೊ ಎಂಬ ವಿಜ್ಞಾನಿಗಳು 1908ರಲ್ಲಿ ಇದನ್ನು ಬೇರ್ಪಡಿಸಿದರು. ಕಾಯಿ ಹಣ್ಣಾಗುತ್ತಾ ಬಂದಂತೆ ಅದರಲ್ಲಿ ಈ ವಸ್ತು ಇಳಿಯುತ್ತದೆ. ಎಣ್ಣೆಗೆ ಬರುವುದಂತೂ ಬಹುಪಾಲು ಅದರ ಒಡೆದ ಚೂರುಗಳು ಮಾತ್ರ. ಒಲಿಯೂರೋಪೀನ್ ದಂಡಿಯಾಗಿ ಉಳಿದಿರುವುದು ಎಲೆಯಲ್ಲಿ. ಔಷಧಕ್ಕೆ ಬಳಸುವ ಒಣ ಎಲೆಯಲ್ಲಿ ಕಡಿಮೆಯೆಂದರೂ ಶೇ. 5ರಷ್ಟು ಒಲಿಯೂರೋಪೀನ್ ಇರಬೇಕೆಂದು ಯುರೋಪಿನ ಔಷಧಕೋಶ ನಿಯಮ ಮಾಡಿದೆ.

ಸ್ಪೇನಿನ ಹಾಎನ್ ಪ್ರಾಂತ್ಯವೊಂದರಲ್ಲೇ ಆರು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. ಕೊಯ್ಲು ಮುಗಿದ ಮೇಲೆ ಅವುಗಳ ರೆಂಬೆ ಸವರುತ್ತಾರೆ. ಸವರಿದ ಸೊಪ್ಪುಸದೆಯಲ್ಲಿ ಬಹಳಷ್ಟು ತೋಟದಲ್ಲೇ ಬೆಂಕಿಗೆ ಹೋಗುತ್ತಿತ್ತು, ಇಲ್ಲವೇ ಕುರಿ ಮೇಕೆಗಳ ಮೇವಾಗುತ್ತಿತ್ತು. ಎಣ್ಣೆ ಗಿರಣಿಗೆ ಕಾಯಿಯ ಜೊತೆ ಬಂದು ಬೀಳುವ ಎಲೆ ಬೇರೆ. ಇಂದು ಪುಡಿ, ಚಹಾ, ಕ್ಯಾಪ್ಸೂಲ್ ರೂಪದಲ್ಲಿ ‘ಆಂಟಿಆಕ್ಸಿಡೆಂಟ್ ಭಂಡಾರ’ ಎಂಬ ಚೀಟಿ ಹೊತ್ತು ಅಂಗಡಿಗೆ ಬರುತ್ತಿರುವುದು ಈ ಎಲೆಯೇ. ಆ ಚೀಟಿಯ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಬೇಕಾದರೆ ಕಹಿಯ ಜೊತೆಗೇ ಎಲೆಯಿಂದ ನಮ್ಮ ರಕ್ತದವರೆಗೆ ನಡೆದು ನೋಡಬೇಕು.

ಆಲಿವ್ ನಿತ್ಯಹಸಿರಿನ ಮರ. ಅದರ ಒಂದು ಎಲೆ ಎರಡು ಮೂರು ವರ್ಷ ಬಾಳುತ್ತದೆ. ಮೆಡಿಟರೇನಿಯನ್ ಕರಾವಳಿಯ ಮಳೆಯಿಲ್ಲದ ಬೇಸಿಗೆ, ಉರಿಬಿಸಿಲು, ಹುಳುಹುಪ್ಪಟೆ ಎಲ್ಲವನ್ನೂ ತಾಳಿಕೊಂಡು ಅಷ್ಟು ಕಾಲ ಇರಬೇಕಾದ ಎಲೆಗೆ ರಕ್ಷಣೆ ಬೇಕು. ಒಲಿಯೂರೋಪೀನ್ ಆ ರಕ್ಷಣೆಯ ಒಂದು ಭಾಗ. ಅದರ ಅಣುವಿನಲ್ಲಿ ಮೂರು ತುಂಡುಗಳು ಸೇರಿಕೊಂಡಿವೆ: ಒಂದು ಗ್ಲೂಕೋಸ್ ಸಕ್ಕರೆ, ನಡುವೆ ಎಲೆನೋಲಿಕ್ ಆಮ್ಲ, ಇನ್ನೊಂದು ಕೊನೆಯಲ್ಲಿ ಹೈಡ್ರಾಕ್ಸಿಟೈರೊಸಾಲ್. ಎಲೆ ಹಾಗೇ ಇರುವವರೆಗೆ ಈ ಅಣು ಜೀವಕೋಶದ ಒಂದು ಕೋಣೆಯಲ್ಲಿರುತ್ತದೆ, ಅದನ್ನು ತುಂಡರಿಸುವ ಕಿಣ್ವ ಬೇರೆಡೆ ಇರುತ್ತದೆ. ಹುಳು ಎಲೆಯನ್ನು ಅಗಿದಾಗ ಗೋಡೆ ಒಡೆದು ಎರಡೂ ಬೆರೆಯುತ್ತವೆ. ಕಿಣ್ವ ಸಕ್ಕರೆಯನ್ನು ಕಿತ್ತು ಹಾಕುತ್ತದೆ. ಉಳಿದ ಭಾಗ ಪ್ರೋಟೀನುಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ವಸ್ತುವಾಗಿ ಮಾರ್ಪಡುತ್ತದೆ, ಹುಳು ತಿಂದ ಎಲೆಯ ಪ್ರೋಟೀನ್ ಅದರ ಮೈಗೆ ಹತ್ತುವುದೇ ಇಲ್ಲ. ಇದೇ ಕುಟುಂಬದ ಪ್ರಿವೆಟ್ ಎಂಬ ಬೇಲಿಗಿಡದಲ್ಲಿ ಈ ಕ್ರಿಯೆಯನ್ನು ಜಪಾನಿನ ಕೊಟಾರೊ ಕೊನ್ನೊ ಮತ್ತು ಸಂಗಡಿಗರು 1999ರಲ್ಲಿ ಬಿಡಿಸಿ ತೋರಿಸಿದರು. ಆಲಿವ್ ಕಾಯಿಯನ್ನೇ ನಂಬಿ ಬದುಕುವ ಆಲಿವ್ ನೊಣದ ಮರಿಹುಳು ಹಸಿರು ಕಾಯಿಯೊಳಗೆ ಬೆಳೆಯಬೇಕಾದರೆ ಅದಕ್ಕೂ ಕರುಳಿನಲ್ಲಿ ಒಂದು ವಿಶೇಷ ಬ್ಯಾಕ್ಟೀರಿಯಾದ ನೆರವು ಬೇಕು.

ಆಲಿವ್ ಮರದ ಈ ಕುಟುಂಬ ನಮಗೆ ಹೊಸದೇನಲ್ಲ. ಮಲ್ಲಿಗೆಯೂ ಪಾರಿಜಾತವೂ ಇದರವೇ. ಜ್ವರಕ್ಕೆ ಪಾರಿಜಾತದ ಎಲೆಯ ಕಷಾಯ ಕುಡಿಸುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಲಂಡನ್ನಿನ ಔಷಧತಜ್ಞ ಡೇನಿಯಲ್ ಹ್ಯಾನ್‌ಬರಿ 1854ರಲ್ಲಿ ಆಲಿವ್ ಎಲೆಯ ಬಗ್ಗೆ ಬರೆದದ್ದೂ ಜ್ವರದ ಮದ್ದೆಂದೇ.

ಆಂಟಿಆಕ್ಸಿಡೆಂಟ್ ಗುಣ ಅಡಗಿರುವುದು ಮೂರನೆಯ ತುಂಡಿನಲ್ಲಿ, ಅಂದರೆ ಹೈಡ್ರಾಕ್ಸಿಟೈರೊಸಾಲ್‌ನಲ್ಲಿ. ಅದರಲ್ಲಿ ಆರು ಇಂಗಾಲಗಳ ಉಂಗುರವೊಂದಿದೆ, ಆ ಉಂಗುರದ ಮೇಲೆ ಅಕ್ಕಪಕ್ಕದಲ್ಲೇ ಎರಡು ಹೈಡ್ರಾಕ್ಸಿಲ್ ಗುಂಪುಗಳಿವೆ. ಫ್ರೀ ರ‍್ಯಾಡಿಕಲ್ ಎಂದರೆ ಜೋಡಿ ತಪ್ಪಿದ ಎಲೆಕ್ಟ್ರಾನ್ ಇರುವ ಅಣು. ಅದು ಪಕ್ಕದ ಕೊಬ್ಬಿನ ಅಣುವಿನಿಂದ ಹೈಡ್ರೋಜನ್ ಕಸಿದುಕೊಳ್ಳುತ್ತದೆ, ಕಳೆದುಕೊಂಡ ಅಣು ಇನ್ನೊಂದರಿಂದ ಕಸಿಯುತ್ತದೆ. ಎಣ್ಣೆ ಕಮಟು ಹಿಡಿಯುವುದು ಈ ಸರಪಳಿಯಿಂದಲೇ. ಹೈಡ್ರಾಕ್ಸಿಟೈರೊಸಾಲ್ ನಡುವೆ ಬಂದರೆ ತನ್ನ ಒಂದು ಹೈಡ್ರೋಜನ್ನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಆಗ ಅದೂ ರ‍್ಯಾಡಿಕಲ್ ಆಗುತ್ತದೆ ನಿಜ, ಆದರೆ ಪಕ್ಕದ ಹೈಡ್ರಾಕ್ಸಿಲ್ ಅದಕ್ಕೆ ಆಸರೆ ಕೊಡುವುದರಿಂದ ಮತ್ತೊಂದರ ಮೇಲೆ ಎರಗದೆ ತಣ್ಣಗಿರುತ್ತದೆ. ಸರಪಳಿ ಅಲ್ಲಿಗೆ ಕಡಿಯುತ್ತದೆ. ಎಲೆಯಲ್ಲಿರುವ ಲ್ಯೂಟಿಯೋಲಿನ್, ವರ್ಬಾಸ್ಕೋಸೈಡ್, ರೂಟಿನ್‌ಗಳಲ್ಲೂ ಇಂಥ ಅಕ್ಕಪಕ್ಕದ ಜೋಡಿ ಇದೆ. ನಮ್ಮ ಬದನೆಕಾಯಿಯ ತಿರುಳಿನಲ್ಲಿರುವ ಕ್ಲೋರೋಜೆನಿಕ್ ಆಮ್ಲದಲ್ಲೂ ಇದೆ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವುದು ಕಿಣ್ವವೊಂದು ಆ ಜೋಡಿಯನ್ನು ಉತ್ಕರ್ಷಿಸುವುದರಿಂದ.

ಆಲಿವ್ ಎಲೆಯನ್ನು ಸಂಸ್ಕರಿಸುವವರ ಕಷ್ಟವೂ ಕಿಣ್ವದಿಂದಲೇ ಶುರುವಾಗುತ್ತದೆ. ಹಸಿ ಎಲೆಯನ್ನು ಜಜ್ಜಿದರೆ ಹುಳು ಅಗಿದಾಗ ಆಗುವುದೇ ಆಗುತ್ತದೆ, ಕಿಣ್ವ ಒಲಿಯೂರೋಪೀನನ್ನು ತಿಂದು ಹಾಕುತ್ತದೆ. ಹಸಿ ಎಲೆಯನ್ನು ಫ್ರೀಜರಿನಲ್ಲಿಟ್ಟು ಹೊರತೆಗೆದರೂ ಅಷ್ಟೆ, ಮಂಜಿನ ಹರಳುಗಳು ಕೋಶದ ಗೋಡೆ ಸೀಳಿರುತ್ತವೆ. ಆದ್ದರಿಂದ ಎಲೆಯನ್ನು ಇಡಿಯಾಗಿಯೇ ಒಣಗಿಸಬೇಕು. ಗಾಳಿಯಾಡುವ ನೆರಳಿನಲ್ಲಿ ಒಣಗಿಸಿದರೆ ಕಹಿ ಚೆನ್ನಾಗಿ ಉಳಿಯುತ್ತದೆ. ತುಂಬಾ ಬಿಸಿಯಾದ ಗಾಳಿಯಲ್ಲಿ ಬೇಗ ಬೇಗ ಒಣಗಿಸಿದರೂ ಉಳಿಯುತ್ತದೆ, ಕಿಣ್ವ ಮೊದಲೇ ಸತ್ತಿರುತ್ತದೆ. ಎಲೆಯನ್ನು ಹಸಿಯಾಗಿ, ಬೆಚ್ಚಗೆ, ಬಹಳ ಹೊತ್ತು ರಾಶಿ ಹಾಕಿಡುವುದೇ ಕೆಟ್ಟದ್ದು. ಒಣಗಿದ ಎಲೆಯಿಂದ ಕಹಿಯನ್ನು ಇಳಿಸಲು ಕುದಿಯುವ ನೀರೇ ಸಾಕು, ಒಲಿಯೂರೋಪೀನ್ ನೀರಿನಲ್ಲಿ ಕರಗುತ್ತದೆ. ಹಾಗಾಗಿ ಕಹಿಯೇ ಇಲ್ಲದ ಆಲಿವ್ ಎಲೆ ಚಹಾ ನನ್ನ ಮಟ್ಟಿಗೆ ನಂಬಿಕೆಗೆ ಯೋಗ್ಯವಲ್ಲ.

ಲೋಟದಿಂದ ಹೊಟ್ಟೆಗೆ ಹೋದ ಮೇಲೆ ಒಲಿಯೂರೋಪೀನ್ ಹಾಗೇ ರಕ್ತ ಸೇರುವುದು ಕಡಿಮೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಹೈಡ್ರಾಕ್ಸಿಟೈರೊಸಾಲ್ ಬಿಡಿಸುತ್ತವೆ. ತೂಕದ ಲೆಕ್ಕ ಹಿಡಿದರೆ 100 ಮಿಲಿಗ್ರಾಂ ಒಲಿಯೂರೋಪೀನ್ ಪೂರ್ತಿ ಒಡೆದಾಗ ಹೆಚ್ಚೆಂದರೆ ಸುಮಾರು 28 ಮಿಲಿಗ್ರಾಂ ಹೈಡ್ರಾಕ್ಸಿಟೈರೊಸಾಲ್ ಸಿಗುತ್ತದೆ. ಕರುಳು ಮತ್ತು ಯಕೃತ್ತು ಕೂಡಲೇ ಅದಕ್ಕೆ ಸಲ್ಫೇಟ್ ಅಥವಾ ಗ್ಲುಕುರೊನೈಡ್ ಕಟ್ಟಿ ಮೂತ್ರದ ಕಡೆಗೆ ಕಳಿಸಲು ತೊಡಗುತ್ತವೆ. ಹೀಗೆ ಕಟ್ಟಿದಾಗ ಹೈಡ್ರೋಜನ್ ಬಿಟ್ಟುಕೊಡುವ ಜಾಗವೇ ಮುಚ್ಚಿಹೋಗುತ್ತದೆ. ಪರೀಕ್ಷಾನಳಿಕೆಯಲ್ಲಿ ರ‍್ಯಾಡಿಕಲ್ ತಣಿಸಿದ ವಸ್ತು ರಕ್ತದಲ್ಲೂ ಅದನ್ನೇ ಮಾಡುತ್ತದೆ ಎಂದು ಹೇಳಲು ಬರುವುದಿಲ್ಲ.

ಇದೇ ಕಾರಣಕ್ಕೆ ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಬಲವನ್ನು ಅಂಕಿಯಲ್ಲಿ ಹೇಳುತ್ತಿದ್ದ ‘ಓರ‍್ಯಾಕ್’ ಪಟ್ಟಿಯನ್ನು 2012ರಲ್ಲಿ ತನ್ನ ಜಾಲತಾಣದಿಂದಲೇ ತೆಗೆದುಹಾಕಿತು. ಆ ಅಂಕಿಗಳಿಗೂ ಮನುಷ್ಯನ ಆರೋಗ್ಯಕ್ಕೂ ನಂಟು ಸಿಕ್ಕಿರಲಿಲ್ಲ. ಆಂಟಿಆಕ್ಸಿಡೆಂಟ್ ಎಂದ ಮಾತ್ರಕ್ಕೆ ನಿರಪಾಯವೆಂದೂ ತಿಳಿಯಬಾರದು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಾಗ, ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಅದು ಆಲಿವ್ ಎಲೆಯ ಕಥೆಯಲ್ಲ. ಆದರೆ ಒಂದು ಪದವನ್ನು ನಂಬಿ ಡಬ್ಬಿ ಕೊಳ್ಳುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಹಾಗಾದರೆ ಎಲೆಯಲ್ಲಿ ಏನೂ ಇಲ್ಲವೇ? ಖಂಡಿತ ಇದೆ, ನಾವು ಬೇರೆ ಕಡೆ ನೋಡಬೇಕು. ಇಂಡೊನೇಷ್ಯಾದಲ್ಲಿ ಆರಂಭದ ಹಂತದ ರಕ್ತದೊತ್ತಡವಿದ್ದವರಿಗೆ ಎಂಟು ವಾರ ದಿನಕ್ಕೆರಡು ಬಾರಿ 500 ಮಿಲಿಗ್ರಾಂ ಎಲೆಸಾರ ಕೊಟ್ಟು, ಇನ್ನೊಂದು ಗುಂಪಿಗೆ ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆ ಕೊಟ್ಟು ಹೋಲಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೇಲಿನ ಒತ್ತಡ ಎಲೆಸಾರದಿಂದ ಸುಮಾರು 11.5, ಮಾತ್ರೆಯಿಂದ 13.7 ಅಂಕ ಇಳಿದಿತ್ತು. ನ್ಯೂಜಿಲೆಂಡಿನಲ್ಲಿ ತೂಕ ಹೆಚ್ಚಿದ್ದ 46 ನಡುವಯಸ್ಸಿನ ಗಂಡಸರು 12 ವಾರ ಎಲೆಸಾರ ತೆಗೆದುಕೊಂಡಾಗ ಅವರ ಮೈ ಇನ್ಸುಲಿನ್‌ಗೆ ಸ್ಪಂದಿಸುವುದು ಶೇ. 15ರಷ್ಟು ಸುಧಾರಿಸಿತು. ಇವು ಸಣ್ಣ, ಅಲ್ಪಾವಧಿಯ ಪ್ರಯೋಗಗಳು. ಈ ಪರಿಣಾಮಕ್ಕೆ ರ‍್ಯಾಡಿಕಲ್ ತಣಿಸುವುದಕ್ಕಿಂತ, ರಕ್ತನಾಳ ಸಡಿಲವಾಗುವುದು, ಜೀವಕೋಶಗಳು ತಮ್ಮದೇ ರಕ್ಷಣಾ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುವುದು ಹೆಚ್ಚು ಸಂಭವನೀಯ ಕಾರಣಗಳೆಂದು ನನಗೆ ತೋರುತ್ತದೆ.

ಯುರೋಪಿನ ಅಧಿಕಾರಿಗಳು ಇನ್ನೂ ಎಚ್ಚರದ ಮಾತನ್ನೇ ಆಡುತ್ತಾರೆ. ಅಲ್ಲಿನ ಔಷಧ ಸಂಸ್ಥೆ ಆಲಿವ್ ಎಲೆಗೆ ಒಪ್ಪಿರುವುದು ಒಂದೇ ಬಳಕೆ: ಮೈಯಲ್ಲಿ ಸ್ವಲ್ಪ ನೀರು ತುಂಬಿದಾಗ ಮೂತ್ರದ ಮೂಲಕ ಹೊರಹಾಕಲು, ಅದೂ ಗಂಭೀರ ಕಾಯಿಲೆ ಇಲ್ಲವೆಂದು ವೈದ್ಯರು ನೋಡಿದ ಮೇಲೆ, ಪರಂಪರೆಯ ಬಳಕೆಯ ಆಧಾರದ ಮೇಲೆ ಮಾತ್ರ. ರಕ್ತದ ಕೊಬ್ಬನ್ನು ಉತ್ಕರ್ಷಣದಿಂದ ಕಾಯುತ್ತದೆ ಎಂದು ಬರೆಯಲು ಅವರು ಅನುಮತಿ ಕೊಟ್ಟಿರುವುದು ಆಲಿವ್ ಎಣ್ಣೆಗೆ. 20 ಗ್ರಾಂ ಎಣ್ಣೆಯಲ್ಲಿ ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಬಳಗದ್ದು 5 ಮಿಲಿಗ್ರಾಂ ಇರಬೇಕು ಎಂಬುದು ಷರತ್ತು. ಎಲೆಯ ಡಬ್ಬಿಗೆ ಆ ವಾಕ್ಯ ಸಲ್ಲುವುದಿಲ್ಲ.

ರಾಜಸ್ಥಾನದಲ್ಲಿ ಇಸ್ರೇಲಿನ ತಂತ್ರಜ್ಞಾನದ ನೆರವಿನಿಂದ 2008ರ ಹೊತ್ತಿಗೆ ಆಲಿವ್ ತೋಟಗಳು ಎದ್ದವು, ಅಲ್ಲಿನ ಎಲೆಯ ಚಹಾ ಪೇಟೆಗೂ ಬಂತು. ಆಲಿವ್ ಹೂ ಬಿಡಲು ಚಳಿಗಾಲದ ತಂಪು ಬೇಕು, ಎಲೆಗೆ ಬೇಡ; ಹಾಗಾಗಿ ಕಾಯಿ ಸರಿಯಾಗಿ ಬಿಡದ ಕಡೆಯೂ ಎಲೆ ಸಿಗುತ್ತದೆ. ಕೊಳ್ಳುವವರು ಡಬ್ಬಿಯ ಮೇಲೆ ಒಲಿಯೂರೋಪೀನ್ ಎಷ್ಟು ಮಿಲಿಗ್ರಾಂ ಎಂದು ಬರೆದಿದೆಯೇ ನೋಡಲಿ. ‘1000 ಮಿಲಿಗ್ರಾಂ ಎಲೆ’ ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯದು. ಬಿಪಿಗೋ ಸಕ್ಕರೆ ಕಾಯಿಲೆಗೋ ಮಾತ್ರೆ ನುಂಗುತ್ತಿರುವವರು ಡಬ್ಬಿಯನ್ನು ಮೊದಲು ತಮ್ಮ ವೈದ್ಯರಿಗೆ ತೋರಿಸಲಿ, ಏಕೆಂದರೆ ಎಲೆಯೂ ಮಾತ್ರೆಯೂ ಒಟ್ಟಿಗೆ ಕೆಲಸ ಮಾಡಿದರೆ ಒತ್ತಡವಾಗಲಿ ಸಕ್ಕರೆಯಾಗಲಿ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಬಸುರಿಯರು ಮತ್ತು ಮೊಲೆಯೂಡಿಸುವ ತಾಯಂದಿರು ಇದನ್ನು ಮುಟ್ಟದಿರುವುದೇ ಸರಿ.